ನೆಲದಡಿ ಸೋರುವ ಪೈಪು, ಮನೆಗೆ ಬರುವ ಬೇನೆ

ಹುಬ್ಬಳ್ಳಿ: ಬೇಸಿಗೆಯಲ್ಲೂ ಗೋಡೆಯ ಬುಡ ಹಸಿ, ಮೂಲೆಯಲ್ಲಿ ಪಾಚಿ. ‘ನಳ ಬಂದ್ ಅದಾವ, ಬಿಲ್ ಹ್ಯಾಂಗ ಏರಿತು?’ ಎನ್ನುವವರು ಹಾರೆ ಎತ್ತುವ ಮೊದಲು ಮೀಟರ್ ನೋಡಲಿ.

ನೀರು ಬಿಟ್ಟ ಹೊತ್ತಿನಲ್ಲಿ ಮನೆಯ ಎಲ್ಲ ನಳ, ನೆಲದ ಟಾಕಿಗೆ ಹೋಗುವ ವಾಲ್ವ್ ಬಂದ್ ಮಾಡಿ. ಅರ್ಧ ತಾಸಿನಲ್ಲಿ ಮೀಟರ್ ಮುಂದೆ ಸರಿದಿದ್ದರೆ ಮೀಟರಿನ ಈಚೆಗೆ ಪೈಪು ಸೋರುತ್ತಿದೆ ಎಂದರ್ಥ. ಸರಿಯದಿದ್ದರೆ ರಾತ್ರಿ ಮೋಟಾರ್ ಹಚ್ಚದೆ ಟಾಕಿಯ ನೀರನ್ನು ಕೋಲಿನಿಂದ ಅಳೆಯಿರಿ. ಬೆಳಿಗ್ಗೆ ಮಟ್ಟ ಇಳಿದಿದ್ದರೆ ಟಾಕಿಯೇ ಬಿರುಕು ಬಿಟ್ಟಿದೆ. ಜಾಗ ಪತ್ತೆಗೆ, ಪೈಪಿನಲ್ಲಿ ನೀರಿರುವಾಗ ಕಬ್ಬಿಣದ ಸರಳನ್ನು ನೆಲಕ್ಕೂರಿ ಕಿವಿಗೊಡಿ. ‘ಸುಯ್’ ಸದ್ದು ಜೋರಾದಲ್ಲಿ ತೂತು ಹತ್ತಿರವಿದೆ.

ಹೋದದ್ದು ನೀರು ತಾನೇ ಅನ್ನಬೇಡಿ. ಸರಬರಾಜು ನಿಂತಾಗ ಪೈಪಿನ ಒತ್ತಡ ಇಳಿದು, ಅದೇ ತೂತಿನಿಂದ ಗಟಾರದ ಹೊಲಸು ಒಳಗೆ ನುಗ್ಗಬಹುದು. ಹುಬ್ಬಳ್ಳಿ-ಧಾರವಾಡದ ಕೆಲ ವಾರ್ಡುಗಳಿಗೆ 2008ರ ಹೊತ್ತಿಗೆ ದಿನವಿಡೀ ನೀರು ಬಂತು. ಮುಂದೆ ನಡೆದ ಪರೀಕ್ಷೆಯಲ್ಲಿ, ಬಿಟ್ಟುಬಿಟ್ಟು ನೀರು ಬರುವ ವಾರ್ಡುಗಳ ನಳದಲ್ಲೇ ಹೊಲಸು ಹೆಚ್ಚು ಕಂಡಿತು. ವಾಂತಿಭೇದಿ, ಕಾಮಾಲೆ ಕೊಡಕ್ಕಿಳಿಯುವ ದಾರಿಯೂ ಇದೇ.

ಪ್ಲಂಬರ್ ಕೂಲಿ ಭಾರ ಎನ್ನುವವರು ದವಾಖಾನೆಯ ಖರ್ಚನ್ನೂ ಲೆಕ್ಕ ಹಾಕಲಿ!