ಅಮೃತಬಳ್ಳಿ

ಮಂಡ್ಯ, ಮದ್ದೂರು, ಮಳವಳ್ಳಿಗಳ ಸೀಮೆಯಲ್ಲಿ ಹೊಲದ ಬೇಲಿಯನ್ನೂ ಬೇವಿನ ಮರವನ್ನೂ ಹಬ್ಬಿ, ದಾರದಂತಹ ಬಿಳಲುಗಳನ್ನು ಇಳಿಬಿಡುವ ಹೃದಯಾಕಾರದ ಎಲೆಯ ಬಳ್ಳಿಯೊಂದುಂಟು. ಅದೇ ಅಮೃತಬಳ್ಳಿ. ಸಂಸ್ಕೃತದಲ್ಲಿ ಇದು ಗುಡೂಚಿ. ಕಡಿದರೂ ಚಿಗುರುವುದರಿಂದ ಛಿನ್ನರುಹಾ. ಬುಡವನ್ನು ಕತ್ತರಿಸಿದರೂ ಮರದ ಮೇಲುಳಿದ ತುಂಡು ಗಾಳಿಯಲ್ಲಿಯೇ ಬಿಳಲನ್ನಿಳಿಸಿ, ನೆಲವನ್ನು ಮುಟ್ಟಿ ಬದುಕಿಕೊಳ್ಳುತ್ತದೆ.

ಇದರ ರಸ ಕಹಿ. ಚರಕಸಂಹಿತೆಯು ಇದರ ಸ್ವರಸವನ್ನು ಬುದ್ಧಿಯನ್ನು ಬೆಳಗಿಸುವ ಮೇಧ್ಯ ರಸಾಯನಗಳಲ್ಲಿ ಎಣಿಸಿದೆ. ಜ್ವರ, ವಾತರಕ್ತ, ಪ್ರಮೇಹಗಳಲ್ಲಿ ವೈದ್ಯರು ಕಾಂಡದ ಕಷಾಯವನ್ನು ವಿಧಿಸುವರು. ಹಸಿಯ ಕಾಂಡವನ್ನು ಜಜ್ಜಿ, ನೀರಿನಲ್ಲಿ ನೆನೆಸಿ, ಸೋಸಿ, ತಳದಲ್ಲಿ ನಿಂತ ಬಿಳಿಯ ಹಿಟ್ಟನ್ನು ಒಣಗಿಸಿದರೆ ಅದೇ ಅಮೃತಬಳ್ಳಿಯ ಸತ್ತ್ವ. ಬೇವನ್ನು ಹಬ್ಬಿದ ಬಳ್ಳಿಯೇ ಶ್ರೇಷ್ಠವೆಂಬುದು ರೂಢಿ.

ಕನ್ನಂಬಾಡಿಯ ನಾಲೆಯ ನೀರು ಹರಿದು ಗದ್ದೆಗಳು ಹೆಚ್ಚಿದ 1930ರ ದಶಕದಲ್ಲಿ ಮಂಡ್ಯದ ಸೀಮೆಗೆ ಮಲೇರಿಯವೂ ದೊಡ್ಡ ತೊಂದರೆಯಾಯಿತು. ಜ್ವರವೆಂದೊಡನೆ ಕಹಿ ಕಷಾಯವನ್ನು ನೆನೆಯುವುದು ಸಹಜವೇ. ಆದರೆ ಮಲೇರಿಯದ ಕ್ರಿಮಿಯನ್ನು ಕೊಲ್ಲುವ ಔಷಧಿಗೆ ಈ ಕಷಾಯವು ಬದಲಾಗದೆಂಬುದನ್ನು ಮರೆಯಲಾಗದು.

ಗುಣವುಳ್ಳ ವಸ್ತುವಿಗೆ ಅಪಾಯವೇ ಇಲ್ಲವೆಂದು ತಿಳಿಯುವುದೂ ಸರಿಯಲ್ಲ. 2020ರ ಕೊರೋನಾ ಕಾಲದಲ್ಲಿ ಅನೇಕರು ಇದನ್ನು ತಾವಾಗಿಯೇ ಸೇವಿಸತೊಡಗಿದರು. ಹಾಗೆ ಸೇವಿಸಿದವರಲ್ಲಿ ಆರು ಮಂದಿಗೆ ಯಕೃತ್ತು ಕೆಟ್ಟುದನ್ನು ಮುಂಬಯಿಯ ವೈದ್ಯರು 2021ರಲ್ಲಿ ಪ್ರಕಟಿಸಿದರು. ಮರುವರ್ಷ ದೇಶದ 13 ಕೇಂದ್ರಗಳಿಂದ 43 ಮಂದಿಯ ವರದಿ ಬಂದಿತು. ಇದನ್ನೇ ಹೋಲುವ ಟೈನೋಸ್ಪೋರ ಕ್ರಿಸ್ಪ ಎಂಬ ಬೇರೆ ಬಳ್ಳಿಯನ್ನು ತಪ್ಪಾಗಿ ಬಳಸಿರಬಹುದೆಂಬುದು ಆಯುಷ್ ಸಚಿವಾಲಯದ ಅಭಿಪ್ರಾಯ. ನಿಜವಾದ ಬಳ್ಳಿಯೇ ದೇಹದ ರಕ್ಷಣಾಶಕ್ತಿಯನ್ನು ಕೆರಳಿಸಿ, ಅದು ಯಕೃತ್ತಿನ ಮೇಲೆಯೇ ತಿರುಗುವಂತೆ ಮಾಡಬಲ್ಲುದೆಂಬುದು ಆ ವೈದ್ಯರ ಅಭಿಪ್ರಾಯ.

ಎರಡನ್ನೂ ಗುರುತಿಸುವ ಬಗೆ ಹೀಗಿದೆ. ಅಮೃತಬಳ್ಳಿಯ ಕಾಂಡ ಹಸುರು, ಅದರಲ್ಲಿ ಹಾಲು ಬಾರದು, ಹಣ್ಣು ದುಂಡಾಗಿ ಕೆಂಪಾಗಿರುವುದು. ಮತ್ತೊಂದರ ಕಾಂಡ ಬೂದು ಬಣ್ಣದ್ದು, ಮೈತುಂಬ ಗಂಟುಗಂಟಾದ ಗುಳ್ಳೆಗಳು. ಕೊಯ್ದರೆ ಹಾಲಿನಂತಹ ರಸ ಬರುವುದು. ಹಣ್ಣು ನೀಳವಾಗಿ ಕಿತ್ತಳೆಯ ಬಣ್ಣವಾಗಿರುವುದು.

ಕಾಮಾಲೆಯೇ ಮೊದಲಾದ ಯಕೃತ್ತಿನ ರೋಗವುಳ್ಳವರೂ, ದೇಹದ ರಕ್ಷಣಾಶಕ್ತಿಯೇ ದೇಹವನ್ನು ಬಾಧಿಸುವ ರೋಗವುಳ್ಳವರೂ, ಮಧುಮೇಹಕ್ಕೆ ಔಷಧಿ ಸೇವಿಸುವವರೂ, ಗರ್ಭಿಣಿಯರೂ ವೈದ್ಯರನ್ನು ಕೇಳದೆ ಇದನ್ನು ಮುಟ್ಟಬಾರದು. ಸೇವಿಸುತ್ತಿರುವಾಗ ಕಣ್ಣು ಹಳದಿಯಾದರೆ, ಮೂತ್ರ ಕಪ್ಪಾದರೆ, ಒಡನೆಯೇ ನಿಲ್ಲಿಸಿ ಆಸ್ಪತ್ರೆಗೆ ಹೋಗತಕ್ಕದ್ದು. ಬೇಲಿಯ ಬಳ್ಳಿ ಎಲ್ಲರ ಕೈಗೂ ಎಟಕುವುದಾದರೂ, ಅದನ್ನು ಔಷಧಿಯಾಗಿ ಮಾಡುವುದು ಅದರ ಕಹಿಯಲ್ಲ. ಅರಿತು ಕೊಡುವವರ ವಿವೇಕ.