ಕಾಲಿನ ನರ ಉಬ್ಬಿದೆಯೇ? ನಿಂತಲ್ಲೇ ನಿಲ್ಲಬೇಡಿ

ಸಂಜೆಯಾದೊಡನೆ ಕಾಲು ಭಾರವಾಗುವುದು, ಪಾದದ ಗಂಟಿನ ಬಳಿ ಊತ, ಮೀನಖಂಡದ ಮೇಲೆ ಸುರುಳಿ ಸುತ್ತಿದ ನೀಲಿ ಗೆರೆಗಳು - ಇವು ನಮ್ಮಲ್ಲಿ ಅನೇಕರಿಗೆ ಪರಿಚಿತ. ಮೀನು ಮಾರುವ ತಾಯಂದಿರು, ಬಸ್ಸಿನ ನಿರ್ವಾಹಕರು, ಹೋಟೆಲ್ ಕಾರ್ಮಿಕರು, ಶಿಕ್ಷಕಿಯರು 'ವಯಸ್ಸಾಯಿತು' ಎಂದು ಸುಮ್ಮನಾಗುತ್ತಾರೆ. ಆದರೆ ಸುಮ್ಮನಿರುವಂಥ ವಿಷಯ ಇದಲ್ಲ.

ನಾವು 'ನರ' ಎನ್ನುವುದು ನಿಜವಾಗಿ ನರವಲ್ಲ, ರಕ್ತವನ್ನು ಹೃದಯಕ್ಕೆ ಮರಳಿಸುವ ನಾಳ. ವೈದ್ಯರು ಈ ತೊಂದರೆಯನ್ನು ವೆರಿಕೋಸ್ ವೇನ್ಸ್ ಎನ್ನುತ್ತಾರೆ. ಕಾಲಿನ ರಕ್ತ ಮೇಲೇರಲು ಎರಡು ಸಹಾಯಗಳಿವೆ. ನಡೆಯುವಾಗ ಮೀನಖಂಡದ ಸ್ನಾಯು ನಾಳವನ್ನು ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ನಾಳದೊಳಗಿನ ಪುಟ್ಟ ಕವಾಟಗಳು ಅದು ಕೆಳಗೆ ಜಾರದಂತೆ ತಡೆಯುತ್ತವೆ. ಕವಾಟ ಸಡಿಲವಾದರೆ ರಕ್ತ ಕೆಳಗೇ ನಿಂತು ನಾಳ ಹಿಗ್ಗುತ್ತದೆ. ವಂಶಪಾರಂಪರ್ಯ, ಗರ್ಭಧಾರಣೆ, ಬೊಜ್ಜು ಹಾಗೂ ಅಲುಗಾಡದೆ ಬಹಳ ಹೊತ್ತು ನಿಲ್ಲುವುದು ಇದಕ್ಕೆ ಮುಖ್ಯ ಕಾರಣಗಳು.

ದಿನನಿತ್ಯ ನಾವು ಮಾಡಬಹುದಾದುದು ಇಷ್ಟು:

* ನಿಂತು ಮಾಡುವ ಕೆಲಸವಿದ್ದರೆ ಆಗಾಗ ನಾಲ್ಕು ಹೆಜ್ಜೆ ನಡೆಯಿರಿ. ಅದಾಗದಿದ್ದರೆ ನಿಂತಲ್ಲೇ ಹಿಮ್ಮಡಿಯನ್ನು ಹತ್ತು ಹದಿನೈದು ಸಲ ಎತ್ತಿ ಇಳಿಸಿ.
* ಬೀಡಿ ಕಟ್ಟುವವರು, ಹೊಲಿಗೆಯವರು ನಡುನಡುವೆ ಎದ್ದು ಓಡಾಡಲಿ, ಕುಳಿತಲ್ಲೇ ಪಾದಗಳನ್ನು ಮೇಲೆ ಕೆಳಗೆ ಆಡಿಸಲಿ.
* ದಿನವೂ ಅರ್ಧ ಗಂಟೆ ನಡಿಗೆ ಇರಲಿ.
* ಕೆಲಸ ಮುಗಿದ ಮೇಲೆ ಮಲಗಿ, ಕಾಲುಗಳನ್ನು ದಿಂಬಿನ ಮೇಲೆ ಎದೆಯ ಮಟ್ಟಕ್ಕಿಂತ ಎತ್ತರದಲ್ಲಿ 15 ನಿಮಿಷ ಇಡಿ.
* ಸೊಪ್ಪು, ತರಕಾರಿ, ಕುಚ್ಚಲಕ್ಕಿ ಅನ್ನ ಹಾಗೂ ಸಾಕಷ್ಟು ನೀರು ಮಲಬದ್ಧತೆಯನ್ನು ತಡೆಯುತ್ತವೆ. ಮುಕ್ಕುವುದರಿಂದಲೂ ನಾಳಗಳ ಮೇಲೆ ಒತ್ತಡ ಬೀಳುತ್ತದೆ.
* ಬಿಗಿ ಕಾಲುಚೀಲವನ್ನು ವೈದ್ಯರು ಹೇಳಿದ ಅಳತೆಯದ್ದನ್ನೇ, ಬೆಳಗ್ಗೆ ಊತ ಬರುವ ಮುನ್ನ ಧರಿಸಿ. ಸಕ್ಕರೆ ಕಾಯಿಲೆ ಇರುವವರು, ಕಾಲಿಗೆ ರಕ್ತ ಸಂಚಾರ ಕಡಿಮೆ ಇರುವವರು ವೈದ್ಯರನ್ನು ಕೇಳದೆ ಧರಿಸಬಾರದು.

ಈ ಅಭ್ಯಾಸಗಳು ನೋವು, ಊತ ತಗ್ಗಿಸಿ ತೊಂದರೆ ಬೆಳೆಯದಂತೆ ನೋಡಿಕೊಳ್ಳಲು ನೆರವಾಗುತ್ತವೆ. ಕೆಟ್ಟ ಕವಾಟವನ್ನು ಸರಿಪಡಿಸಲಾರವು. ಪಾದದ ಗಂಟಿನ ಬಳಿ ಚರ್ಮ ಕಪ್ಪಾಗಿ ತುರಿಸಿದರೆ, ಹುಣ್ಣಾಗಿ ಮಾಯದಿದ್ದರೆ ಮನೆಮದ್ದಿನಲ್ಲಿ ಕಾಲ ಕಳೆಯಬೇಡಿ. ಇಂದು ಲೇಸರ್ ಮೊದಲಾದ ಚಿಕಿತ್ಸೆಗಳಿವೆ. ನಾಳ ಒಡೆದು ರಕ್ತ ಸುರಿದರೆ ಕೂಡಲೇ ಮಲಗಿಸಿ, ಕಾಲೆತ್ತಿ, ಶುಭ್ರ ಬಟ್ಟೆಯಿಂದ 10 ನಿಮಿಷ ಬಿಡದೆ ಒತ್ತಿ ಹಿಡಿದು ಆಸ್ಪತ್ರೆಗೆ ಕರೆದೊಯ್ಯಿರಿ. ಒಂದೇ ಕಾಲು ಹಠಾತ್ತನೆ ಊದಿ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು. ಅಂದೇ ವೈದ್ಯರನ್ನು ಕಾಣಬೇಕು.

ಮನೆಮಂದಿಗಾಗಿ ದಿನವಿಡೀ ನಿಲ್ಲುವ ಕಾಲುಗಳಿಗೆ ಸಂಜೆ ಕಾಲು ಗಂಟೆಯ ವಿಶ್ರಾಂತಿ ಕೊಡಿಸುವುದು ಮನೆಮಂದಿಯೆಲ್ಲರ ಹೊಣೆ.