ಲಾಯದ ಬಾಡಿಗೆ 75 ಡಾಲರ್, ಬಜೆಟ್ ಒಂದೂಕಾಲು ಕೋಟಿಗೂ ಮೇಲೆ

1913ರ ಡಿಸೆಂಬರ್. ಹಾಲಿವುಡ್ ಎಂಬ ಜಾಗದಲ್ಲಿ ಕುದುರೆ ಲಾಯವೊಂದಿದೆ, ತಿಂಗಳಿಗೆ 75 ಡಾಲರ್ ಬಾಡಿಗೆ, ಹಿಡಿಯಲೇ ಎಂದು ಕೇಳುವ ತಂತಿಯೊಂದು ನ್ಯೂಯಾರ್ಕಿಗೆ ಹೋಯಿತು. ಕಳಿಸಿದಾತ ಸೆಸಿಲ್ ಬಿ. ಡಿಮಿಲ್. ವಯಸ್ಸು 32, ಅಲ್ಲಿಯವರೆಗೆ ನಿರ್ದೇಶಿಸಿದ ಚಿತ್ರಗಳು ಸೊನ್ನೆ. ಲಾಯವೇನೋ ಸಿಕ್ಕಿತು, ಕುದುರೆಗಳು ಜಾಗ ಬಿಡಲಿಲ್ಲ. ಮಾಲೀಕರು ಸಾರೋಟು ತೊಳೆಸಿದಾಗಲೆಲ್ಲ ನೀರು ಡಿಮಿಲ್‌ನ ಮೇಜಿನಡಿಗೇ ಹರಿದು ಬರುತ್ತಿತ್ತು. ಆತ ಕಾಲೆರಡನ್ನೂ ಕಸದ ಬುಟ್ಟಿಯೊಳಗಿಟ್ಟುಕೊಂಡು ಕೆಲಸ ಮಾಡುತ್ತಿದ್ದ. ಅಲ್ಲಿ ಆಸ್ಕರ್ ಆಫೆಲ್ ಜೊತೆ ಸೇರಿ ತೆಗೆದ ‘ದಿ ಸ್ಕ್ವಾ ಮ್ಯಾನ್’ಗೆ ತಗುಲಿದ್ದು 15,450 ಡಾಲರ್, ಬಂದದ್ದು ಎರಡು ಲಕ್ಷ ನಲವತ್ತು ಸಾವಿರಕ್ಕೂ ಹೆಚ್ಚು. ಒಂದಕ್ಕೆ ಹದಿನೈದು!

ಆಮೇಲೆ ಈ ಪುಣ್ಯಾತ್ಮ ನಿಲ್ಲಲೇ ಇಲ್ಲ. 1914ರಿಂದ 1956ರವರೆಗೆ 42 ವರ್ಷ, 70 ಚಿತ್ರ. ಏಳು ತಿಂಗಳಿಗೊಂದು ಎಂದು ಭಾಗಾಕಾರ ಹೇಳುತ್ತದೆ, ಆದರೆ ಸರಾಸರಿಯನ್ನು ನಂಬಬೇಡಿ. 1915 ಒಂದೇ ವರ್ಷದಲ್ಲಿ ಹತ್ತಿರ ಹತ್ತಿರ ಒಂದು ಡಜನ್ ಚಿತ್ರ ಹೊರಬಿದ್ದವು. ಆ ವರ್ಷದ ಕೊನೆಗಂತೂ ಹಗಲು ‘ದಿ ಚೀಟ್’, ರಾತ್ರಿ ‘ದಿ ಗೋಲ್ಡನ್ ಚಾನ್ಸ್’, ಎರಡಕ್ಕೂ ನಿರ್ದೇಶಕ ಒಬ್ಬನೇ. ನಿದ್ದೆ ಯಾವಾಗ ಮಾಡಿದನೋ!

ಚಿತ್ರಗಳ ಎಣಿಕೆ ಸಣ್ಣ ಮಾತು, ಗಾತ್ರಕ್ಕೆ ಬನ್ನಿ. 1923ರ ಮೂಕಿ ‘ದಿ ಟೆನ್ ಕಮಾಂಡ್‌ಮೆಂಟ್ಸ್’ಗಾಗಿ ಕ್ಯಾಲಿಫೋರ್ನಿಯಾದ ಗ್ವಾಡಲೂಪ್ ಮರಳುದಿಬ್ಬಗಳ ಮೇಲೆ ಈಜಿಪ್ಟಿನ ಒಂದು ಪಟ್ಟಣವೇ ಎದ್ದಿತು. ಕೋಟೆಬಾಗಿಲಿನ ಎತ್ತರ ಸುಮಾರು 110 ಅಡಿ: ಹನ್ನೊಂದು ಅಂತಸ್ತು. ಇಕ್ಕೆಲದಲ್ಲಿ 21 ಸ್ಫಿಂಕ್ಸ್, ಒಂದೊಂದರ ತೂಕ ಐದು ಟನ್. ಅಂದರೆ 21 ಸಲಗಗಳು ಸಾಲಾಗಿ ಕೂತಂತೆ. ಡೇರೆ ಹಾಕಿಕೊಂಡು ಉಳಿದ ಜನ ಸುಮಾರು 2,500. ದಿನಕ್ಕೆ ಮೂರು ಹೊತ್ತು ಎಂದರೂ ಏಳೂವರೆ ಸಾವಿರ ಊಟ! ಚಿತ್ರೀಕರಣ ಮುಗಿದದ್ದೇ ಇಡೀ ಪಟ್ಟಣವನ್ನು ಕೆಡವಿ ಮರಳಲ್ಲಿ ಹೂತರು. ಸಾವಿರ ವರ್ಷದ ಬಳಿಕ ಯಾರಾದರೂ ಅಗೆದು, ಈಜಿಪ್ಟ್ ಇಲ್ಲಿಯವರೆಗೂ ಹಬ್ಬಿತ್ತು ಎಂದು ಬರೆದಾರು ಎಂಬರ್ಥದ ತಮಾಷೆ ಡಿಮಿಲ್‌ನ ಆತ್ಮಕಥೆಯಲ್ಲಿದೆ. ಸಾವಿರ ವರ್ಷ ಬೇಕಾಗಲಿಲ್ಲ. ಅರುವತ್ತೇ ವರ್ಷಕ್ಕೆ, 1983ರಲ್ಲಿ, ಅವಶೇಷ ಪತ್ತೆಯಾಯಿತು.

ನಡುವೆ ಒಂದು ಅತಿ ಸಣ್ಣ ಸಂಖ್ಯೆ: ಒಂದು ಡಾಲರ್. ರೇಡಿಯೊ ಕಲಾವಿದರ ಸಂಘ ರಾಜಕೀಯ ನಿಧಿಗೆಂದು ಅಷ್ಟು ಕೇಳಿತು, ಡಿಮಿಲ್ ಕೊಡೆನೆಂದ. ಕೈತಪ್ಪಿದ್ದು ‘ಲಕ್ಸ್ ರೇಡಿಯೊ ಥಿಯೇಟರ್’ ನಿರೂಪಕನ ಕೆಲಸ, ವರ್ಷಕ್ಕೆ ಸುಮಾರು ಒಂದು ಲಕ್ಷ ಡಾಲರ್ ವರಮಾನ. ಇಷ್ಟು ದುಬಾರಿ ಹಟವನ್ನು ನಾನಂತೂ ಬೇರೆ ಕಂಡಿಲ್ಲ.

ಮೂಕಿ ‘ದಿ ಟೆನ್ ಕಮಾಂಡ್‌ಮೆಂಟ್ಸ್’ ಬಂದ ಮೂವತ್ಮೂರು ವರ್ಷದ ನಂತರ ಅದೇ ಹೆಸರಿನ ಚಿತ್ರ, ಈ ಸಲ ಬಣ್ಣದಲ್ಲಿ, ನಿಜವಾದ ಈಜಿಪ್ಟಿನಲ್ಲೇ. ವಲಸೆಯ ದೃಶ್ಯಕ್ಕೆ ಸುಮಾರು 14,000 ಜನ, 15,000 ಪ್ರಾಣಿ. ಜನರನ್ನಷ್ಟೇ ಮೂರಡಿಗೊಬ್ಬರಂತೆ ನಿಲ್ಲಿಸಿದರೂ ಸಾಲು ಹನ್ನೆರಡು ಕಿಲೋಮೀಟರ್ ದಾಟುತ್ತದೆ. 73ರ ಮುದುಕ ಡಿಮಿಲ್ ಅಲ್ಲಿನ ಸೆಟ್ಟಿನ ಭಾರಿ ಹೆಬ್ಬಾಗಿಲಿಗೆ ಏಣಿ ಹತ್ತಿದ, ಹೃದಯಾಘಾತವಾಯಿತು, ಕೆಲವೇ ದಿನಗಳಲ್ಲಿ ಮತ್ತೆ ಸೆಟ್ಟಿನಲ್ಲಿ ಹಾಜರ್! ಚಿತ್ರದ ಉದ್ದ 3 ಗಂಟೆ 40 ನಿಮಿಷ, ಖರ್ಚು ಸುಮಾರು 1 ಕೋಟಿ 30 ಲಕ್ಷ ಡಾಲರ್. ‘ಸ್ಕ್ವಾ ಮ್ಯಾನ್’ನಂಥ ಎಂಟುನೂರಕ್ಕೂ ಹೆಚ್ಚು ಚಿತ್ರ ತೆಗೆಯಬಹುದಾದ ದುಡ್ಡು. ತಿಂಗಳಿಗೆ 75 ಡಾಲರಿನಂತೆ ಆ ಲಾಯದ ಬಾಡಿಗೆ ಕಟ್ಟುತ್ತ ಕೂತರೆ 14,000 ವರ್ಷಕ್ಕಾಗುತ್ತದೆ. ಕೊನೆಯ ಕಂತು ಇವತ್ತು ಬರಬೇಕಿದ್ದರೆ ಮೊದಲನೆಯದನ್ನು ಪಿರಮಿಡ್ಡುಗಳಿಗಿಂತ ಒಂಬತ್ತು ಸಾವಿರ ವರ್ಷ ಮೊದಲೇ ಕಟ್ಟಿರಬೇಕು.

ಇದಕ್ಕೂ ದೊಡ್ಡದು ಬಾಕಿಯಿದೆ. ಯೇಸುವಿನ ಕಥೆಯ ‘ದಿ ಕಿಂಗ್ ಆಫ್ ಕಿಂಗ್ಸ್’ 1927ರ ಮೂಕಿ. ಡಿಮಿಲ್ ತೀರಿಕೊಂಡ 1959ರ ಹೊತ್ತಿಗೆ ಅದನ್ನು 80 ಕೋಟಿ ಜನ ನೋಡಿದ್ದರೆಂಬ ಅಂದಾಜು ಚಲಾವಣೆಯಲ್ಲಿತ್ತು. ಆಗ ಭೂಮಿಯ ಮೇಲಿದ್ದವರೇ ಮುನ್ನೂರು ಕೋಟಿಯ ಆಸುಪಾಸು! ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು. ಸಿನಿಮಾದವರ ಲೆಕ್ಕ, ಉಬ್ಬಿಸಿರುತ್ತಾರೆ ಎನ್ನುತ್ತೀರಾ? ಸರಿ, ಅರ್ಧಕ್ಕರ್ಧ ಕತ್ತರಿಸೋಣ. ಆಗಲೂ 40 ಕೋಟಿ. 1951ರ ಜನಗಣತಿಯಲ್ಲಿ ಇಡೀ ಭಾರತದ ತಲೆ ಎಣಿಸಿದಾಗ ಸಿಕ್ಕಿದ್ದು 36 ಕೋಟಿ.